ಔಷಧಕ್ಕೆ ಮೊದಲು ಕಿವಿರು ಎತ್ತಿ ನೋಡಿ

ಪ್ರಶ್ನೆ: ಅರ್ಧ ಎಕರೆ ಕೊಳದಲ್ಲಿ ಕಾಟ್ಲಾ, ರೋಹು ಸಾಕಿದ್ದೇವೆ. ಕಳೆದ ತಿಂಗಳು ಎರಡು ಟ್ರ್ಯಾಕ್ಟರ್ ಕೋಳಿಗೊಬ್ಬರ ಹಾಕಿದೆವು, ನೀರು ಕಡುಹಸಿರಾಗಿದೆ. ವಾರದಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ, ಬಿಸಿಲೇರಿದ ಮೇಲೆ ಕೆಳಗಿಳಿಯುತ್ತವೆ. ನಿನ್ನೆ ಆರು ಸತ್ತವು. ವಿದೇಶದ ಸಾಲ್ಮನ್ ಮೀನಿನ ಕಿವಿರು ರೋಗವನ್ನು ಮೊಬೈಲಿನಲ್ಲಿ ನೋಡಿದ ನನ್ನ ಭಾವಮೈದ, ಇದೂ ಅದೇ ಎನ್ನುತ್ತಾನೆ. ಹೌದೇ?
– ಶ್ರೀರಂಗಪಟ್ಟಣ ತಾಲ್ಲೂಕಿನ ರೈತ

ಉತ್ತರ: ಅಲ್ಲ. ನಿಮ್ಮ ಭಾವಮೈದ ನೋಡಿದ್ದು ಅಮೀಬಾ ಎಂಬ ಕಣ್ಣಿಗೆ ಕಾಣದ ಏಕಕೋಶ ಜೀವಿಯಿಂದ ಬರುವ ರೋಗವಿರಬೇಕು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕಡಲ ಪಂಜರಗಳಲ್ಲಿ ಸಾಕಿದ ಸಾಲ್ಮನ್‌ಗಳಲ್ಲಿ ಕಂಡ ಇದು, ಮುಂದೆ ಸ್ಕಾಟ್ಲೆಂಡ್, ನಾರ್ವೆಗಳನ್ನೂ ಕಾಡಿತು. ಸಮುದ್ರ ಬೆಚ್ಚಗಾಗಿ ಉಪ್ಪಿನಂಶ ಹೆಚ್ಚಿದ್ದಾಗ ಅಮೀಬಾ ಕಿವಿರಿಗೆ ಅಂಟಿ, ಬಿಳಿ ಲೋಳೆಯ ತೇಪೆಗಳನ್ನು ಎಬ್ಬಿಸುತ್ತದೆ. ಅಲ್ಲಿನವರು ಇದಕ್ಕೆ ಮಾಡುವ ಮದ್ದೆಂದರೆ ಮೀನನ್ನು ಎರಡು ಮೂರು ಗಂಟೆ ಸಿಹಿನೀರಿನಲ್ಲಿ ಬಿಡುವುದು! ನಿಮ್ಮ ಕಾಟ್ಲಾ ಇರುವುದೇ ಸಿಹಿನೀರಿನಲ್ಲಿ.

ನನಗೆ ಅನುಮಾನವಿರುವುದು ಆ ಎರಡು ಟ್ರ್ಯಾಕ್ಟರ್ ಗೊಬ್ಬರದ ಮೇಲೆ. ಅರ್ಧ ಎಕರೆಗೆ ಅದು ವಿಪರೀತ. ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಕೊಳೆಯುವ ಗೊಬ್ಬರವೂ ಪಾಲು ಕೇಳುತ್ತದೆ. ಹಾಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕ ಅತಿ ಕಡಿಮೆ. ಇಂಥ ನೀರಿನಲ್ಲೇ ಕಿವಿರು ಕೊಳೆಸುವ ಶಿಲೀಂಧ್ರವೂ ಬೆಳೆಯುತ್ತದೆ.

ಯಾವುದೆಂದು ತಿಳಿಯಲು, ಸಾಯುವ ಹಂತದ ಮೀನೊಂದನ್ನು ಹಿಡಿದು ಕಿವಿರಿನ ಮುಚ್ಚಳ ಎತ್ತಿ. ಒಳಗೆ ದಾಸವಾಳದಂತೆ ಕೆಂಪಾಗಿದ್ದರೆ ಆಮ್ಲಜನಕದ ಕೊರತೆ ಮಾತ್ರ ಎನ್ನಬಹುದು. ಕೆಂಪು, ಬಿಳಿ ಮಚ್ಚೆಮಚ್ಚೆಯಾಗಿ ತುದಿಗಳು ಹರಿದಿದ್ದರೆ ಶಿಲೀಂಧ್ರ. ರವೆಯಂಥ ಬಿಳಿ ಗಂಟುಗಳಿದ್ದರೆ ಪರಾವಲಂಬಿ. ಬಣ್ಣಗೆಟ್ಟು ಲೋಳೆ ತುಂಬಿದ್ದರೆ ಕಿವಿರಿನ ಹುಳು ಅಥವಾ ಗೊಬ್ಬರ ಕೊಳೆತು ನೀರಿನಲ್ಲಿ ಸೇರುವ ಅಮೋನಿಯಾ.

ಗೊಬ್ಬರ, ಮೇವು ಇವತ್ತೇ ನಿಲ್ಲಿಸಿ. ನಾಲೆಯಲ್ಲಿ ನೀರಿದ್ದರೆ ಹಾಯಿಸಿ. ಇಲ್ಲದಿದ್ದರೆ ಪಂಪ್‌ಸೆಟ್‌ನಿಂದ ಕೊಳದ ನೀರನ್ನೇ ಎತ್ತಿ, ರಾತ್ರಿಯಿಂದ ಬೆಳಗಾಗುವವರೆಗೆ ಎತ್ತರದಿಂದ ಬೀಳಿಸಿ. ಸುಣ್ಣ ಎರಚುವ ಆತುರ ಬೇಡ. ಕಡುಹಸಿರು ನೀರು ಮಧ್ಯಾಹ್ನದ ಹೊತ್ತಿಗಾಗಲೇ ಕ್ಷಾರೀಯವಾಗಿರುತ್ತದೆ. ಅದಕ್ಕೆ ಸುಣ್ಣ ಸೇರಿದರೆ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ.

ಎರಡು ದಿನದಲ್ಲಿ ಸುಧಾರಿಸದಿದ್ದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ. ಸತ್ತ ಮೀನನ್ನು ಚೀಲದಲ್ಲಿ ಒಯ್ಯಬೇಡಿ. ಮೀನು ಸತ್ತರೆ ಹುಳುಗಳೂ ಬಿಟ್ಟುಹೋಗುತ್ತವೆ. ಕೊಳದ್ದೇ ನೀರು ತುಂಬಿದ ಕೊಡದಲ್ಲಿ ಜೀವಂತ ಮೀನನ್ನು ಒಯ್ಯಿರಿ.