ಎಲ್ಲ ಎಂಸಿಬಿ ಇಳಿಸಿದರೂ ಇಎಲ್‌ಸಿಬಿ ಬೀಳುತ್ತಿದೆ, ಕಾರಣ ಹುಡುಕುವುದು ಹೇಗೆ?

ನೀವು ಬರೆದದ್ದು ಇಷ್ಟು: ತೀರ್ಥಹಳ್ಳಿ ಕಡೆಯ ಮನೆ, ಸಿಂಗಲ್ ಫೇಸ್. ಮಳೆ ಹಿಡಿದಾಗಿನಿಂದ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ದಿನಕ್ಕೆ ಮೂರ್ನಾಲ್ಕು ಸಲ ಬೀಳುತ್ತಿದೆ, ಅದರಲ್ಲೂ ಸಂಜೆ ಹೊತ್ತು. ಹೊಸದು ಹಾಕಿಸಿದರೂ ಅದೇ ಕಥೆ. ಎಲ್ಲ ಎಂಸಿಬಿ (ಒಂದೊಂದು ಲೈನಿಗೂ ಇರುವ, ಶಾರ್ಟ್ ಅಥವಾ ಓವರ್‌ಲೋಡ್ ಆದರೆ ಬೀಳುವ ಸ್ವಿಚ್) ಇಳಿಸಿದರೂ ಇಎಲ್‌ಸಿಬಿ ಒಮ್ಮೊಮ್ಮೆ ಮೇಲೆ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ "ತೆಗೆದು ಡೈರೆಕ್ಟ್ ಕೊಟ್ಟುಬಿಡೋಣ" ಅನ್ನುತ್ತಿದ್ದಾರೆ.

ಡೈರೆಕ್ಟ್ ಕೊಡಿಸಬೇಡಿ. ಎಂಸಿಬಿ ಇಳಿಸಿದರೂ ಬೀಳುತ್ತದೆ, ಸಂಜೆ ಹೆಚ್ಚು ಬೀಳುತ್ತದೆ ಅಂದಿರಲ್ಲ, ಅವೆರಡೂ ಸೇರಿದರೆ ಮೊದಲ ಗುಮಾನಿ ಒಂದೇ: ಯಾವುದೋ ಲೈನಿನ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ) ತಂತಿ ಅರ್ಥಿಗೆ ತಾಗಿದೆ. ಇಎಲ್‌ಸಿಬಿ ಬದಲಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇಎಲ್‌ಸಿಬಿ ಅನ್ನುವುದು ಬಾಯಿಗೆ ಅಂಟಿಕೊಂಡ ಹಳೇ ಹೆಸರು, ಈಗ ಅಂಗಡಿಯಲ್ಲಿ ಸಿಗುವುದು ಆರ್‌ಸಿಸಿಬಿ. ಅದು ಓವರ್‌ಲೋಡ್ ನೋಡುವುದಿಲ್ಲ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅನ್ನುವ ಲೆಕ್ಕ ಮಾತ್ರ ಅದರದ್ದು. ಮನೆಗೆ ಹಾಕುವ 30 ಮಿಲಿ ಆಂಪಿಯರಿನದು 15ರ ತನಕ ಬೀಳಬಾರದು, 30ಕ್ಕೆ ಬೀಳಲೇಬೇಕು, ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 230 ವೋಲ್ಟಿಗೆ 30 ಮಿಲಿ ಆಂಪಿಯರ್ ಅಂದರೆ ಸುಮಾರು 7,700 ಓಮ್. ಒದ್ದೆ ಗೋಡೆ, ಒದ್ದೆ ಹೋಲ್ಡರ್ ಅಷ್ಟು ದಾರಿಯನ್ನು ಸಲೀಸಾಗಿ ಕೊಡುತ್ತವೆ.

ಇನ್ನು ಎಂಸಿಬಿ ಇಳಿಸಿದರೂ ಯಾಕೆ ಬೀಳುತ್ತದೆ? ಸಾಮಾನ್ಯ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್‌ಗಳೆಲ್ಲ ಡಿಬಿಯೊಳಗೆ (ಎಂಸಿಬಿಗಳಿರುವ ಪೆಟ್ಟಿಗೆಯೊಳಗೆ) ಒಂದೇ ಹಿತ್ತಾಳೆ ಪಟ್ಟಿಗೆ ಬಿಗಿದಿರುತ್ತವೆ, ಆ ಪಟ್ಟಿ ಆರ್‌ಸಿಸಿಬಿ ಮೂಲಕ ಕಂಬದ ನ್ಯೂಟ್ರಲ್‌ಗೆ ಸೇರಿರುತ್ತದೆ. ಕಂಬದ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಹತ್ತಿರ ಅರ್ಥ್ ಆಗಿದ್ದರೂ ನಿಮ್ಮ ಮನೆ ತಲುಪುವ ಹೊತ್ತಿಗೆ ಸೊನ್ನೆ ವೋಲ್ಟ್ ಇರುವುದಿಲ್ಲ. ಸಂಜೆ ಊರೆಲ್ಲ ದೀಪ, ಟಿವಿ, ಮೋಟಾರು ಹಾಕಿದಾಗ ನಿಮ್ಮ ಅರ್ಥ್ ಗುಂಡಿಗೆ (ಮನೆಯ ಅರ್ಥ್ ತಂತಿ ನೆಲ ಸೇರುವ ಗುಂಡಿಗೆ) ಹೋಲಿಸಿದರೆ ಅದು ಎರಡು ಮೂರು ವೋಲ್ಟ್ ಮೇಲೇಳುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿದ್ದು, ಗುಂಡಿಗಳೂ ಸೇರಿ ಒಟ್ಟು ದಾರಿ 50 ಓಮ್ ಇದ್ದರೆ 3 ವೋಲ್ಟೇ 60 ಮಿಲಿ ಆಂಪಿಯರ್ ಹರಿಸುತ್ತದೆ. ನಿಮ್ಮ ಮನೆಯಲ್ಲಿ ಒಂದು ಬಲ್ಬೂ ಉರಿಯಬೇಕಾಗಿಲ್ಲ.

ಹುಡುಕುವ ಕ್ರಮಕ್ಕೆ ಬರೋಣ. ಮೊದಲು ಮನೆಯ ಪ್ರತಿಯೊಂದು ಪ್ಲಗ್ಗನ್ನೂ ಕೈಯಿಂದ ಕಿತ್ತು ಹೊರಗಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದೂ ಫೇಸನ್ನಷ್ಟೇ ಕಡಿಯುತ್ತದೆ. ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್, ಫ್ರಿಜ್, ಗೀಸರ್ ಎಲ್ಲವೂ ಕಿತ್ತಿರಲಿ. ಎಲ್ಲ ಕಿತ್ತ ಮೇಲೆ ಇಡೀ ಸಂಜೆ ನಿಂತರೆ ತಪ್ಪು ಉಪಕರಣದಲ್ಲಿದೆ. ಒಂದೊಂದಾಗಿ ಚುಚ್ಚಿ, ಪ್ರತಿಯೊಂದಕ್ಕೂ ಸಾಕಷ್ಟು ಹೊತ್ತು ಕೊಡಿ. ಅವಸರ ಮಾಡಿದರೆ ತಪ್ಪಾದ ಉಪಕರಣಕ್ಕೆ ಅಪವಾದ ಬರುತ್ತದೆ.

ಪ್ಲಗ್ಗೆಲ್ಲ ಕಿತ್ತರೂ ಬಿದ್ದರೆ ವೈರಿಂಗ್ ನೋಡಬೇಕು. ಇಲ್ಲಿಂದ ಮುಂದೆ ಡಿಬಿ ಮುಚ್ಚಳ ಬಿಚ್ಚುವ ಕೆಲಸ, ಎಲೆಕ್ಟ್ರಿಷಿಯನ್ನೇ ಮಾಡಲಿ, ಆದರೆ ನೀವು ಪಕ್ಕದಲ್ಲಿ ನಿಂತು ಈ ಕ್ರಮದಲ್ಲೇ ಮಾಡಿಸಿ. ಮೀಟರ್ ಬೋರ್ಡಿನ ಮೇನ್ ಇಳಿಸಲಿ. ಯುಪಿಎಸ್ ಇದ್ದರೆ ಅದನ್ನೂ ಪೂರ್ತಿ ಆಫ್ ಮಾಡಿ ಪ್ಲಗ್ ಕೀಳಲಿ, ಇಲ್ಲದಿದ್ದರೆ ಮೇನ್ ಇಳಿಸಿದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಟೆಸ್ಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಲಿ.

ಮೊದಲು ಆರ್‌ಸಿಸಿಬಿಯಿಂದ ಹೊರಹೋಗುವ ಎರಡೂ ತಂತಿ ಬಿಚ್ಚಿ, ಮೇನ್ ಕೊಟ್ಟು, ಬರೀ ಆರ್‌ಸಿಸಿಬಿ ಏರಿಸಿ ನೋಡಲಿ. ಏನೂ ಜೋಡಿಸದೆ ಬಿದ್ದರೆ ಅದೇ ಕೆಟ್ಟಿದೆ. ನಿಮ್ಮದು ಹೊಸದಾದ್ದರಿಂದ ನಿಲ್ಲಬೇಕು. ಆಮೇಲೆ ಮತ್ತೆ ಮೇನ್ ಇಳಿಸಿ, ಪಟ್ಟಿಯಲ್ಲಿರುವ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಪ್ರತಿಯೊಂದಕ್ಕೂ ಟೇಪು ಸುತ್ತಿ ನಂಬರ್ ಬರೆಯಲಿ. ಈ ನಂಬರ್ ಕೆಲಸ ಯಾರಿಗೂ ಇಷ್ಟವಿಲ್ಲ, ಆದರೆ ಬಿಟ್ಟರೆ ಮತ್ತೆ ಜೋಡಿಸುವಾಗ ಒಂದು ಲೈನಿನ ನ್ಯೂಟ್ರಲ್ ಇನ್ನೊಂದಕ್ಕೆ ಹೋಗಿ ಹೊಸ ರಗಳೆ ಹುಟ್ಟುತ್ತದೆ.

ಈಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ಅರ್ಥ್ ಪಟ್ಟಿಗೆ, ಇನ್ನೊಂದು ಬಿಚ್ಚಿದ ನ್ಯೂಟ್ರಲ್‌ಗಳಿಗೆ ಸರದಿಯಂತೆ. ಸರಿ ಇರುವ ಲೈನು ಏನನ್ನೂ ತೋರಿಸುವುದಿಲ್ಲ. ಕೆಲವು ನೂರು ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದ ತಂತಿಯೇ ಕಳ್ಳ. ಫೇಸ್ ತಂತಿಗಳನ್ನೂ ಹೀಗೇ ನೋಡಿ, ಅಲ್ಲಿ ಹತ್ತಿಪ್ಪತ್ತು ಸಾವಿರ ಓಮ್ ಬಂದರೂ ಬಿಡಬೇಡಿ. ಈ ಪರೀಕ್ಷೆಯನ್ನು ಮಳೆ ಸುರಿಯುತ್ತಿರುವಾಗಲೇ ಮಾಡಿಸಿ. ಎರಡು ದಿನ ಬಿಸಿಲು ಬಿದ್ದ ಮೇಲೆ ಬಂದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಲ್ಟಿಮೀಟರಿಗೆ ಸಿಗದಿದ್ದರೆ 500 ವೋಲ್ಟಿನ ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದ ಲೈನು ಅನುಮಾನದ್ದು. ಮೆಗ್ಗರ್ ಹಾಕುವ ಮೊದಲು ಎಲ್‌ಇಡಿ ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಿಚ್ಚಿರಬೇಕು, ಇಲ್ಲವಾದರೆ ಸುಟ್ಟುಹೋಗುತ್ತವೆ.

ಲೈನು ಗೊತ್ತಾದ ಮೇಲೆ ಅದರ ನಡುಮಧ್ಯದ ಜಂಕ್ಷನ್ ಬಾಕ್ಸ್ ತೆರೆದು ತಂತಿ ಬೇರ್ಪಡಿಸಿ, ಎರಡು ಅರ್ಧಗಳನ್ನೂ ಬೇರೆ ಬೇರೆ ಅಳೆಯಿರಿ. ಮೂರು ನಾಲ್ಕು ಸಲಕ್ಕೆ ಜಾಗ ಸಿಗುತ್ತದೆ. ಮಲೆನಾಡಿನ ಮಳೆಯಲ್ಲಿ ನಾನಾದರೆ ಮೊದಲು ಹೋಗುವುದು ಗೇಟ್ ಲೈಟು, ಅಂಗಳದ ಲೈಟಿನ ಹೋಲ್ಡರ್, ಹೊರಗಿನ ಕಾಲಿಂಗ್ ಬೆಲ್ ಸ್ವಿಚ್ಚಿನ ಕಡೆಗೆ. ಆಮೇಲೆ ಕೊಟ್ಟಿಗೆ: ಸೆಗಣಿ ಗಂಜಲದ ಆವಿಗೆ ಅಲ್ಲಿನ ಹೋಲ್ಡರ್, ಸ್ಕ್ರೂ ಬೇಗ ಕಿಲುಬು ಹಿಡಿಯುತ್ತವೆ, ಸಾಲದ್ದಕ್ಕೆ ಮನುಷ್ಯರಿಗೆ ಗೊತ್ತೇ ಆಗದಷ್ಟು ಕರೆಂಟು ದನಗಳಿಗೆ ತಾಗುತ್ತದೆ. ತಾರಸಿ ಸೋರುವ ಕಡೆ ಫ್ಯಾನ್ ಬಾಕ್ಸಿನಲ್ಲಿ ನೀರು ನಿಂತಿರುತ್ತದೆ. ಪಂಪಿನ ಕೇಬಲ್ ಜಾಯಿಂಟಿಗೆ ಬರೀ ಟೇಪು ಸುತ್ತಿ ಮಣ್ಣಲ್ಲಿ ಹೂತಿದ್ದರೆ ಅದೂ ಬಲವಾದ ಅಭ್ಯರ್ಥಿಯೇ. ಸ್ವಿಚ್ ಬೋರ್ಡಿನೊಳಗೆ ಸತ್ತ ಹಲ್ಲಿ, ಇರುವೆ ಗೂಡು ಸಿಕ್ಕರೆ ಆಶ್ಚರ್ಯಪಡಬೇಡಿ. ಕ್ಯಾಲೆಂಡರಿಗೆಂದು ಹೊಡೆದ ಮೊಳೆ ಕನ್ಸೀಲ್ಡ್ ಪೈಪಿನೊಳಗೆ ಹೋಗಿರುವುದೂ ಉಂಟು.

ಉಪಕರಣದ ಕಡೆ ತಪ್ಪಿದ್ದರೆ ಮೊದಲ ಆರೋಪಿ ಗೀಸರ್. ಎಲಿಮೆಂಟಿನ ಹೊರಕೊಳವೆ ಸವೆದು ಸೀಳಿದರೆ ಒಳಗಿನ ಬಿಳಿ ಪುಡಿ ನೀರು ಹೀರುತ್ತದೆ, ಹಾಕಿ ಕೆಲವು ನಿಮಿಷ ಕಾದ ಮೇಲೆ ಟ್ರಿಪ್ ಆಗುತ್ತದೆ. ಬೋರ್‌ವೆಲ್‌ನ ಗಡಸು ನೀರಿದ್ದಲ್ಲಿ ಇದು ಬೇಗ ಬರುತ್ತದೆ. ಪರಿಹಾರ ಎಲಿಮೆಂಟ್ ಬದಲಿಸುವುದೇ. ಫ್ರಾಸ್ಟ್ ಫ್ರೀ ಫ್ರಿಜ್ಜಿನ ಕಥೆ ಬೇರೆ: ಹಿಮ ಕರಗಿಸುವ ಹೀಟರ್ ಆಗಾಗ ಮಾತ್ರ ಹೊತ್ತಿಕೊಳ್ಳುತ್ತದೆ, ಹಾಗಾಗಿ ನಡುರಾತ್ರಿ ಯಾರೂ ಏನೂ ಮುಟ್ಟದಿದ್ದರೂ ಬಿದ್ದರೆ ಅದರ ಪ್ಲಗ್ಗನ್ನು ಒಂದು ದಿನ ತೆಗೆದಿಡಿ. ಕೆಲವೊಮ್ಮೆ ಒಬ್ಬನೇ ಅಪರಾಧಿ ಇರುವುದಿಲ್ಲ. ಕಂಪ್ಯೂಟರ್, ವಾಷಿಂಗ್ ಮೆಷಿನ್‌ಗಳ ಫಿಲ್ಟರ್‌ಗಳಿಂದ ಒಂದೆರಡು ಮಿಲಿ ಆಂಪಿಯರ್ ಸೋರುವುದು ಸಹಜ, ಹತ್ತು ಕಡೆ ಸೋರಿದರೆ ಒಟ್ಟು 15 ದಾಟಬಹುದು. ಆಗ ಲೈನುಗಳನ್ನು ಎರಡು ಆರ್‌ಸಿಸಿಬಿಗೆ ಹಂಚುವುದೇ ದಾರಿ.

ಯುಪಿಎಸ್ ಹಾಕಿಸಿದ ಮೇಲೆ ಶುರುವಾದ ಕಾಟವಾದರೆ ಬೇರೆ ಲೆಕ್ಕ. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿಗಿಂತ ಮೊದಲಿನ ನ್ಯೂಟ್ರಲ್‌ಗೆ ಕೊಟ್ಟುಬಿಟ್ಟಿದ್ದರೆ, ಬ್ಯಾಟರಿಯಲ್ಲಿ ಎಲ್ಲ ಸರಿ, ಕರೆಂಟು ಬಂದ ತಕ್ಷಣ ಟ್ರಿಪ್. 9 ವ್ಯಾಟಿನ ಒಂದು ಬಲ್ಬೇ ಸುಮಾರು 40 ಮಿಲಿ ಆಂಪಿಯರ್ ಎಳೆಯುತ್ತದೆ, ಬೀಳಿಸಲು ಅದು ಸಾಕು. ಕೆಳಮನೆ, ಮೇಲ್ಮನೆಗೆ ಬೇರೆ ಮೀಟರ್ ಇದ್ದು ಮೆಟ್ಟಿಲಿನ ಟೂವೇ ಲೈಟಿಗೆ ಫೇಸ್ ಒಂದು ಕಡೆಯದು, ನ್ಯೂಟ್ರಲ್ ಇನ್ನೊಂದು ಕಡೆಯದು ಆಗಿದ್ದರೂ ಹೀಗೇ.

ಬಿದ್ದದ್ದು ಎಂಸಿಬಿಯಾದರೆ ವಿಷಯ ಸರಳ. ಏರಿಸಿದ ಕ್ಷಣ ಬಿದ್ದರೆ ಶಾರ್ಟ್, ಅರ್ಧ ಗಂಟೆ ಬಿಟ್ಟು ಬಿದ್ದರೆ ಓವರ್‌ಲೋಡ್ ಅಥವಾ ಸಡಿಲ ಸ್ಕ್ರೂ. 3 ಕಿಲೋವ್ಯಾಟ್ ಗೀಸರ್ ಒಂದೇ 13 ಆಂಪಿಯರ್ ಎಳೆಯುತ್ತದೆ, ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆಯೂ ಇದ್ದರೆ 16ರ ಎಂಸಿಬಿಯ ಮಿತಿ ದಾಟುತ್ತದೆ. 2.5 ಸ್ಕ್ವೇರ್ ತಂತಿಗೆ 32 ಆಂಪಿಯರಿನದು ಹಾಕಿದರೆ ಎಂಸಿಬಿ ಬೀಳುವ ಮೊದಲೇ ತಂತಿ ಬೇಯುತ್ತದೆ.

30ರ ಬದಲು 100 ಮಿಲಿ ಆಂಪಿಯರಿನದು ಹಾಕೋಣ ಅಂದರೂ ಒಪ್ಪಬೇಡಿ, ಅದು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಇನ್ನೂ ಅಪಾಯದ್ದು ಗೀಸರಿನ ಪ್ಲಗ್ಗಿನಿಂದ ಅರ್ಥ್ ತಂತಿ ಕಿತ್ತುಹಾಕುವ ಉಪಾಯ. ಟ್ರಿಪ್ ಆಗುವುದು ನಿಂತೇಹೋಗುತ್ತದೆ ನಿಜ. ಸೋರಿದ ಕರೆಂಟು ಭೂಮಿಗೆ ಹೋಗುವ ದಾರಿ ಸಿಗುವ ತನಕ ಗೀಸರಿನ ಮೈಯಲ್ಲಿ ಕಾಯುತ್ತದೆ, ಆ ದಾರಿ ಬಚ್ಚಲಲ್ಲಿ ಒದ್ದೆ ಕಾಲಲ್ಲಿ ನಿಂತವರು.

ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ ಟಿ (ಟೆಸ್ಟ್) ಗುಂಡಿ ಒತ್ತಿ ನೋಡಿ, ತಕ್ಷಣ ಬೀಳಬೇಕು. ಆದರೆ ಆ ಗುಂಡಿ ಆರ್‌ಸಿಸಿಬಿಯನ್ನಷ್ಟೇ ಪರೀಕ್ಷಿಸುತ್ತದೆ, ಅರ್ಥ್ ಗುಂಡಿಯನ್ನಲ್ಲ. ಅದನ್ನು ಅರ್ಥ್ ಟೆಸ್ಟರಿನಲ್ಲಿ ಬೇರೆಯಾಗಿಯೇ ಅಳೆಯಿಸಬೇಕು. ಅದು ಮಳೆಗಾಲದಲ್ಲಿ ಬೇಡ. ಮಣ್ಣು ಒಣಗಿದ ಏಪ್ರಿಲ್‌ನಲ್ಲಿ ಅಳೆಯಿಸಿ.