ಸಹಿ ಹಾಕಲು ಹಿಂಜರಿದ ಅಧಿಕಾರಿ: ಕಾರಾಗೃಹ ಇಲಾಖೆಯ ಹಿರಿಯರೊಬ್ಬರ ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಬರುವವರು ಒಂದು ರಾಜ್ಯದ ಕಾರಾಗೃಹ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಹಿರಿಯ ಹುದ್ದೆಯಲ್ಲಿದ್ದಾರೆ. ಗುರುತು ಸಿಗದಿರಲೆಂದು ವಯಸ್ಸು, ಊರು, ಹುದ್ದೆಯ ಹೆಸರು ಮತ್ತು ಘಟನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದುದನ್ನು ಅವರಿಗೇ ಓದಲು ಕೊಟ್ಟು, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದಿದ್ದೇನೆ. ಉಪಕಾರಾಗೃಹದ ಕೆಳಹಂತದ ಅಧಿಕಾರಿಯಾಗಿ ಸೇವೆಗೆ ಸೇರಿ, ಎರಡು ದಶಕಗಳಿಗೂ ಹೆಚ್ಚು ಕಾಲ ಬೇರೆ ಬೇರೆ ಜೈಲುಗಳಲ್ಲಿ ದುಡಿದು, ಕೇಂದ್ರ ಕಾರಾಗೃಹವೊಂದರ ಮುಖ್ಯ ಅಧೀಕ್ಷಕರಾಗಿ, ಅಲ್ಲಿಂದ ಬಡ್ತಿಯ ಮೇಲೆ ಈಗಿನ ಹುದ್ದೆಗೆ ಬಂದವರು. ನನ್ನ ಬಳಿಗೆ ಬಂದದ್ದು ಪತ್ನಿಯ ಒತ್ತಾಯಕ್ಕೆ.

ನಿದ್ದೆ ಬರುತ್ತಿಲ್ಲ, ಎದೆಯಲ್ಲಿ ಹಿಡಿದಂತಾಗುತ್ತದೆ, ಸಭೆಗಳಲ್ಲಿ ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ ಎಂಬುದು ಅವರು ಹೇಳಿಕೊಂಡ ತೊಂದರೆ. ಅವರು ಹೇಳದೆ ಬಿಟ್ಟದ್ದನ್ನು ಪತ್ನಿ ಹೇಳಿದರು. ಬಡ್ತಿಯಾಗಿ ತಿಂಗಳುಗಳು ಕಳೆದಿದ್ದರೂ ಪ್ರತಿದಿನ ಸಂಜೆ, ಬಂದಿಗಳನ್ನು ಬ್ಯಾರಕ್ಕಿಗೆ ಸೇರಿಸಿ ಬೀಗ ಹಾಕುವ ಹೊತ್ತಿಗೆ, ಇವರು ಹಳೆಯ ಜೈಲಿನ ಮುಖ್ಯದ್ವಾರಕ್ಕೆ ಫೋನ್ ಮಾಡಿ ಎಣಿಕೆ ತಾಳೆಯಾಯಿತೇ ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಊಟಕ್ಕೆ ಕೂರುವುದಿಲ್ಲ. ಅಲ್ಲಿ ಈಗ ಬೇರೆ ಅಧೀಕ್ಷಕರಿದ್ದಾರೆ ಎಂದು ಪತ್ನಿ ನೆನಪಿಸಿದಾಗ, ಇವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಾ ಕುಳಿತರು.

ಎದೆನೋವನ್ನು ಮನಸ್ಸಿನ ಲೆಕ್ಕಕ್ಕೆ ಹಾಕುವ ಮೊದಲು ವೈದ್ಯರ ತಪಾಸಣೆ ಆಗಲೇಬೇಕೆಂದು ಹೇಳಿ ಕಳುಹಿಸಿದೆ. ಹೃದಯದಲ್ಲಿ ದೋಷವಿರಲಿಲ್ಲ, ರಕ್ತದೊತ್ತಡ ಮಾತ್ರ ಏರಿತ್ತು. ಅದಕ್ಕೆ ಔಷಧ ಆರಂಭವಾಯಿತು.

ಅವರ ಹಳೆಯ ಜೈಲಿನಲ್ಲಿ ನಡೆದ ಒಂದು ಸಾವಿನ ಬಗ್ಗೆ ಆಗ ವಿಚಾರಣೆ ನಡೆಯುತ್ತಿತ್ತು. ಮಾತು ಶುರುವಾಗುವ ಮೊದಲೇ ಅವರು ಕೇಳಿದ ಪ್ರಶ್ನೆ, “ನೀವು ಬರೆದುಕೊಳ್ಳುವುದನ್ನು ವಿಚಾರಣೆಯವರು ತರಿಸಿಕೊಳ್ಳಬಹುದೇ ಮೇಡಂ?” ಎಂಬುದು. ಈ ಮಟ್ಟದ ಅಧಿಕಾರಿಗಳು ಹೆಚ್ಚುಕಡಿಮೆ ಎಲ್ಲರೂ ಇದನ್ನು ಯಾವುದಾದರೊಂದು ರೂಪದಲ್ಲಿ ಕೇಳುತ್ತಾರೆ, ಮತ್ತು ಧೈರ್ಯ ಹೇಳುವ ಭರದಲ್ಲಿ ಸುಳ್ಳು ಭರವಸೆ ಕೊಡುವುದು ಇಲ್ಲಿ ಅಪಾಯಕಾರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಪ್ರಕರಣವು ಚಿಕಿತ್ಸೆ ಪಡೆಯುವವರ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆಯಾದರೂ, ಜೀವಕ್ಕೆ ಅಪಾಯವಿದ್ದಾಗ, ಅಥವಾ ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯ ಇಲ್ಲವೇ ಅಧಿಕಾರವುಳ್ಳ ಶಾಸನಬದ್ಧ ಪ್ರಾಧಿಕಾರ ಆದೇಶಿಸಿದಾಗ ಅದಕ್ಕೆ ವಿನಾಯಿತಿಗಳಿವೆ. ಇದನ್ನು ಇದ್ದ ಹಾಗೆಯೇ ಹೇಳಿ, ಅಂದು ಏನು ನಡೆಯಿತೆಂಬ ಸಾಕ್ಷ್ಯದ ವಿವರವನ್ನು ವಕೀಲರ ಬಳಿ ಇಡುವುದೆಂದೂ, ಅದು ತಮ್ಮೊಳಗೆ ಏನು ಮಾಡುತ್ತಿದೆ ಎಂಬುದನ್ನು ಇಲ್ಲಿ ಮಾತನಾಡುವುದೆಂದೂ ಗೆರೆ ಹಾಕಿಕೊಂಡೆವು. ಆ ಗೆರೆ ಖಚಿತವಾದ ಮೇಲೆಯೇ ಅವರ ಬಾಯಿ ಬಿಚ್ಚಿದ್ದು.

ಬಡ್ತಿಯ ಆದೇಶ ಬರುವ ಮುನ್ನ ಅವರ ಜೈಲಿನಲ್ಲಿ ವಿಚಾರಣಾಧೀನ ಬಂದಿಯಾಗಿದ್ದ ಯುವಕನೊಬ್ಬ ರಾತ್ರಿ ಆತ್ಮಹತ್ಯೆ ಮಾಡಿಕೊಂಡಿದ್ದ. ಜಾಮೀನು ಮಂಜೂರಾಗಿತ್ತು, ಜಾಮೀನುದಾರರಾಗಿ ಭದ್ರತೆ ನೀಡುವವರು ಸಿಕ್ಕಿರಲಿಲ್ಲ. ಆತನ ಮೇಲೆ ನಿಗಾ ಬೇಕು, ಒಬ್ಬನೇ ಇರಬಾರದು ಎಂದು ಜೈಲಿನ ವೈದ್ಯರು ಬರೆದ ಟಿಪ್ಪಣಿ ದಿನದ ಕೊನೆಯಲ್ಲಿ ಇತರ ಕಾಗದಗಳ ಜೊತೆ ಇವರ ಮೇಜಿಗೆ ಬಂದಿತ್ತು. ಇವರು ‘ಕ್ರಮಕ್ಕಾಗಿ’ ಎಂದು ಬರೆದು, ಸಣ್ಣ ಸಹಿ ಹಾಕಿ, ಕೆಳಗೆ ಕಳುಹಿಸಿದ್ದರು. ಕಾಗದ ಬ್ಯಾರಕ್ ಉಸ್ತುವಾರಿಯವರನ್ನು ತಲುಪುವ ಹೊತ್ತಿಗೆ ಬೆಳಗಾಗಿತ್ತು. ಕಸ್ಟಡಿ ಸಾವಿನ ವಿಷಯದಲ್ಲಿ ನಡೆಯಬೇಕಾದ ಕ್ರಮಗಳೆಲ್ಲ ನಡೆದವು: ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಯಿತು, ಅಪರಾಧ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಪ್ರಕರಣದಡಿ ಮ್ಯಾಜಿಸ್ಟ್ರೇಟ್ ವಿಚಾರಣೆ ಶುರುವಾಯಿತು. ಆ ವಿಚಾರಣೆ ನಡೆಯುತ್ತಿರುವಾಗಲೇ ಇವರಿಗೆ ಬಡ್ತಿ ಬಂತು. ಸಹೋದ್ಯೋಗಿಗಳು ಹಾರ ಹಾಕಿದರು. ಆ ಹಾರದ ವಾಸನೆ ಇಂದಿಗೂ ಹೊಟ್ಟೆ ತೊಳಸುತ್ತದೆ ಎಂದರು.

ಇಲ್ಲಿ ಒಂದು ಮಾತು ಕೇಳಲೇಬೇಕಿತ್ತು, ನೇರವಾಗಿ ಕೇಳಿದೆ: ತಮಗೂ ಸಾಯುವ ಯೋಚನೆ ಬಂದಿದೆಯೇ? ಯೋಜನೆ ಏನೂ ಇಲ್ಲ, ಆದರೆ ಬೆಳಿಗ್ಗೆ ಎಚ್ಚರವಾಗದಿದ್ದರೆ ಸಾಕಪ್ಪ ಅನ್ನಿಸುವುದುಂಟು ಎಂದು ತಡೆದು ತಡೆದು ಹೇಳಿದರು. ಅಧಿಕಾರದ ಗತ್ತಿನ ಹಿಂದೆ ಇಂಥ ಮಾತು ಅಡಗಿರುವುದು ಅಪರೂಪವಲ್ಲ. ಮನೋವೈದ್ಯರ ಭೇಟಿಯನ್ನು ಅದೇ ವಾರಕ್ಕೆ ನಿಗದಿಪಡಿಸಿ, ಅಂಥ ಹೊತ್ತಿನಲ್ಲಿ ಯಾರಿಗೆ ಹೇಳುವುದೆಂಬುದನ್ನು ಅವರ ಕೈಯಲ್ಲೇ ಬರೆಸಿದೆ: ಮೊದಲು ಪತ್ನಿ, ನಂತರ ತಮ್ಮ, ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಪತ್ನಿಯೂ ಆ ಚೀಟಿಯನ್ನು ಓದಿದರು.

ಮುಂದಿನ ಭೇಟಿಗಳಲ್ಲಿ ಹೊರಬಂದ ಸಂಗತಿ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು. ಆ ಸಣ್ಣ ಸಹಿಯ ನಂತರ ಅವರು ಯಾವ ಕಾಗದಕ್ಕೂ ಮೂರು ನಾಲ್ಕು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಓದಿದ ಮೇಲೂ ಒಂದು ಸ್ಪಷ್ಟೀಕರಣ ಕೇಳಿ ಕಡತವನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ಕೇಂದ್ರ ಕಚೇರಿಯಲ್ಲಿ ಅವರ ಮೇಜಿನ ಮೇಲೆ ಪೆರೋಲ್ ಅರ್ಜಿಗಳು, ವರ್ಗಾವಣೆ ಕೋರಿಕೆಗಳು, ಸಿಬ್ಬಂದಿಯ ರಜೆ ಪ್ರಕರಣಗಳು ಅಟ್ಟಿಯಾಗಿದ್ದವು. ಕೆಳಗಿನವರು ಇದನ್ನು ಶಿಸ್ತೆಂದು ಹೊಗಳುತ್ತಿದ್ದರು, ಅವರೂ ಹಾಗೆಯೇ ನಂಬಿದ್ದರು. ಒಂದು ದಿನ ನಾನು ಕೇಳಿದೆ: ತಾಯಿಯ ಕೊನೆಯ ದಿನಗಳಿಗೆಂದು ಪೆರೋಲ್ ಕೇಳಿದವನ ಕಡತ ಸ್ಪಷ್ಟೀಕರಣಕ್ಕೆ ಹೋಗಿ ಬರುವಷ್ಟರಲ್ಲಿ ಆ ತಾಯಿ ತೀರಿಕೊಂಡರೆ, ಆ ವಿಳಂಬ ಯಾರ ಲೆಕ್ಕಕ್ಕೆ? ಅವರು ಬಹಳ ಹೊತ್ತು ಮಾತನಾಡಲಿಲ್ಲ. ಪಶ್ಚಾತ್ತಾಪವು ನಿಯಂತ್ರಣದ ವೇಷ ತೊಟ್ಟಾಗ ಅದರ ಬೆಲೆಯನ್ನು ತೆರುವವರು ಕೆಳಗಿನವರು ಮತ್ತು ಗೋಡೆಯ ಒಳಗಿನವರು. ಮೇಲಿನವರಿಗೆ ಅದು ಎಚ್ಚರಿಕೆಯಂತೆಯೇ ಕಾಣುತ್ತದೆ.

“ನಿಮ್ಮ ತಪ್ಪೇನೂ ಇಲ್ಲ” ಎಂದು ಅವರಿಗೆ ಎಲ್ಲರೂ ಹೇಳಿದ್ದರು. ನಾನು ಹೇಳಲಿಲ್ಲ. ಹೇಳುವ ಅಧಿಕಾರವೂ ನನಗಿರಲಿಲ್ಲ, ಹೇಳಿದ್ದರೆ ಅವರು ನಂಬುತ್ತಲೂ ಇರಲಿಲ್ಲ. ಬದಲಿಗೆ ಒಂದು ಹಾಳೆಯ ಮೇಲೆ ಆ ಸಾವಿಗೆ ದಾರಿ ಮಾಡಿದ ಸಂಗತಿಗಳನ್ನೆಲ್ಲ ಬರೆಯಲು, ತಮ್ಮ ಪಾಲನ್ನು ಕೊನೆಯಲ್ಲಿ ಬರೆಯಲು ಕೇಳಿದೆ. ಭದ್ರತೆ ಒದಗಿಸಲಾಗದ ಬಡತನ, ರಾತ್ರಿ ಪಾಳಿಗೆ ಸಾಕಾಗದಷ್ಟು ವೀಕ್ಷಕರು (ಜೈಲಿನ ಕಾವಲು ಸಿಬ್ಬಂದಿ), ತುರ್ತು ಟಿಪ್ಪಣಿಗೂ ಸಾಮಾನ್ಯ ಕಾಗದಕ್ಕೂ ಒಂದೇ ಟಪಾಲು ಇದ್ದದ್ದು, ಕಿಕ್ಕಿರಿದ ಬ್ಯಾರಕ್ಕುಗಳು ಹಾಳೆಯ ಮೇಲೆ ಬಂದವು. ಕೊನೆಯದು ಅವರ ಜೈಲಿನ ಮಾತಷ್ಟೇ ಅಲ್ಲ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದ ಜೈಲುಗಳು ತಮ್ಮ ಸಾಮರ್ಥ್ಯದ ಶೇ. 131ರಷ್ಟು ತುಂಬಿದ್ದವು, ಒಳಗಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಇಷ್ಟೆಲ್ಲ ಬರೆದ ಮೇಲೆಯೂ ಹಾಳೆಯ ಕೆಳಗೆ ಅವರಿಗೆಂದು ಒಂದು ಸಾಲು ಉಳಿಯಿತು. ‘ಕ್ರಮಕ್ಕಾಗಿ’ ಎಂದು ಬರೆಯುವ ಬದಲು ಇಂಟರ್‌ಕಾಮ್‌ನಲ್ಲಿ ಒಂದು ಮಾತು ಹೇಳಬಹುದಿತ್ತು ಎಂದು ಬರೆದರು. ಆಶ್ಚರ್ಯವೆಂದರೆ, ಆ ಸಾಲು ಅಲ್ಲಿ ಉಳಿದದ್ದೇ ಅವರಿಗೆ ಸಮಾಧಾನ ತಂದಿತು. ಪೂರ್ತಿ ತಾನೇ ಕಾರಣ ಎನ್ನುವುದಕ್ಕೂ ತನ್ನದೇನೂ ಇಲ್ಲ ಎನ್ನುವುದಕ್ಕೂ ನಡುವೆ ನಿಲ್ಲಲು ಒಂದು ಜಾಗ ಸಿಕ್ಕಿತು.

ಆ ಸಾಲಿನಿಂದ ಕೆಲಸವೂ ಹುಟ್ಟಿತು. ವೈದ್ಯರು ನಿಗಾ ಸೂಚಿಸಿದ ಟಿಪ್ಪಣಿ ಟಪಾಲಿನಲ್ಲಿ ತಿರುಗಬಾರದು, ಪಾಳಿಯ ಅಧಿಕಾರಿಗೆ ಬಾಯಿಮಾತಿನಲ್ಲಿ ತಿಳಿಸಿ ನಂತರ ದಾಖಲಿಸಬೇಕು ಎಂಬ ಪ್ರಸ್ತಾವವನ್ನು ಅವರೇ ಸಿದ್ಧಪಡಿಸಿದರು. ಜೊತೆಗೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಅವರ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆಯನ್ನು ಸಂಹಿತೆಯ 479ನೇ ಪ್ರಕರಣ ಜೈಲು ಅಧೀಕ್ಷಕರ ಮೇಲೆಯೇ ಇಟ್ಟಿರುವುದರಿಂದ (ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳು ಮತ್ತು ಹಲವು ಪ್ರಕರಣಗಳಿರುವವರು ಇದರ ಹೊರಗೆ), ಆ ಪಟ್ಟಿಗಳ ಮೇಲ್ವಿಚಾರಣೆಯನ್ನು ತಾವಾಗಿಯೇ ಕೇಳಿ ಪಡೆದರು. ಇದನ್ನು ನಾನು ಸೂಚಿಸಿದ್ದಲ್ಲ.

ಆ ಯುವಕನ ತಾಯಿಯನ್ನು ಕಂಡು, ತಮ್ಮ ಕೈಯಿಂದ ಒಂದಿಷ್ಟು ಹಣ ಕೊಟ್ಟು ಬರಬೇಕೆಂಬ ಆಸೆ ಅವರಿಗೆ ಬಲವಾಗಿತ್ತು. ಬೇಡವೆಂದೆ. ವಿಚಾರಣೆ ನಡೆಯುತ್ತಿರುವಾಗ ಅಧಿಕಾರಿಯೊಬ್ಬರು ಬಾಗಿಲಿಗೆ ಬಂದು ಹಣ ಚಾಚಿದರೆ ಆ ತಾಯಿಗೆ ಅದು ಬಾಯಿ ಮುಚ್ಚಿಸುವ ಬೆಲೆಯಾಗಿ ಕಾಣುವುದೇ ಹೆಚ್ಚು. ಭಾರ ಇಳಿಯುವುದು ಇವರದು, ಹೊರುವುದು ಆಕೆ. ಪರಿಹಾರಕ್ಕೆ ಆಯೋಗದ ಮತ್ತು ಸರ್ಕಾರದ ದಾರಿಯಿದೆ, ಅಲ್ಲಿ ಕಡತ ನಿಲ್ಲದಂತೆ ನೋಡಿಕೊಳ್ಳುವುದು ಇವರು ಮಾಡಬಹುದಾದ ಕೆಲಸ ಎಂದು ಹೇಳಿದೆ. ಇದಕ್ಕೆ ಅವರು ಬೇಗ ಒಪ್ಪಲಿಲ್ಲ, ಎರಡು ಭೇಟಿಗಳು ಇದರಲ್ಲೇ ಹೋದವು.

ಮೊದಲು ಶವವನ್ನು ಕಂಡ ಕಿರಿಯ ವೀಕ್ಷಕರ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಆತ ಅನಾರೋಗ್ಯ ರಜೆಯ ಮೇಲೆ ಹೋದವರು ಮರಳಿರಲಿಲ್ಲ; ಮೇಲಿನವರು ಯಾರೂ ಅವರನ್ನು ಮಾತನಾಡಿಸಿರಲಿಲ್ಲ. ಇವರು ನೇರವಾಗಿ ಹೋಗಿ ಕಂಡರೆ ಸಾಕ್ಷಿಯ ಮೇಲೆ ಪ್ರಭಾವ ಬೀರಿದ ಆಪಾದನೆ ಬರಬಹುದು, ಹೋಗದಿದ್ದರೆ ಆ ಹುಡುಗ ಒಂಟಿ. ಇಲಾಖೆಯ ಕಾನೂನು ಅಧಿಕಾರಿಯ ಸಲಹೆ ಪಡೆದು, ಘಟನೆಗೆ ಸಂಬಂಧವಿಲ್ಲದ ಬೇರೊಬ್ಬ ಹಿರಿಯರನ್ನು ಅವರ ಮನೆಗೆ ಕಳುಹಿಸುವಂತೆಯೂ, ಆ ರಾತ್ರಿಯ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಆರೋಗ್ಯ, ಸಂಬಳ, ಚಿಕಿತ್ಸೆಯ ಮಾತಷ್ಟೇ ಆಡುವಂತೆಯೂ ಸೂಚಿಸಿದೆ. ಆ ವೀಕ್ಷಕರು ಈಗ ಚಿಕಿತ್ಸೆಯಲ್ಲಿದ್ದಾರೆ.

ಸಂಜೆಯ ಫೋನನ್ನು ಒಮ್ಮೆಲೇ ಬಿಡಿ ಎಂದು ಹೇಳಲಿಲ್ಲ. ಮೊದಲು ಹೊಸ ಅಧೀಕ್ಷಕರನ್ನು ಕಂಡು, ಈ ಕರೆಗಳಿಂದ ನಿಮಗೆ ಏನನ್ನಿಸುತ್ತಿದೆ ಎಂದು ಕೇಳಿ ಬರಲು ಹೇಳಿದೆ. “ನನ್ನ ಮೇಲೆ ನಂಬಿಕೆ ಇಲ್ಲ ಅಂದುಕೊಂಡಿದ್ದೆ ಸರ್” ಎಂಬ ಉತ್ತರ ಅವರನ್ನು ತಟ್ಟಿತು. ಕ್ಷಮೆ ಕೇಳಿ ಬಂದರು. ನಂತರ ಕರೆಯನ್ನು ಪ್ರತಿದಿನ ಹತ್ತು ಹತ್ತು ನಿಮಿಷ ಮುಂದೂಡುತ್ತಾ, ಆ ಹೊತ್ತಿನಲ್ಲಿ ಎದೆಬಡಿತ ಎಷ್ಟು ಏರಿತು, ಎಷ್ಟರಲ್ಲಿ ತಾನಾಗಿ ಇಳಿಯಿತು ಎಂದು ಗುರುತಿಸುವ ಅಭ್ಯಾಸ ಮಾಡಿಸಿದೆ. ಊಟ ಮಾತ್ರ ಮನೆಯವರೊಂದಿಗೆ, ಕರೆಗೆ ಮೊದಲೇ. ಕಡತಗಳಿಗೆ ಬೇರೆಯದೇ ನಿಯಮ ಮಾಡಿಕೊಂಡೆವು: ಜೀವ, ಆರೋಗ್ಯ, ಬಿಡುಗಡೆಗೆ ಸಂಬಂಧಿಸಿದವು ಬಂದ ದಿನವೇ, ಎರಡು ಓದಿನಲ್ಲಿ, ಉಳಿದವುಗಳಲ್ಲಿ ಅಧಿಕಾರ ವಹಿಸಬಹುದಾದವನ್ನು ಕೆಳಗಿನವರಿಗೆ ಬರಹದಲ್ಲಿ ವಹಿಸುವುದು. ನಿದ್ದೆ ಸುಧಾರಿಸಿತು. ಸಿಟ್ಟು ಕಡಿಮೆಯಾದದ್ದನ್ನು ಅವರಿಗಿಂತ ಮೊದಲು ಅವರ ಆಪ್ತ ಸಹಾಯಕರು ಗುರುತಿಸಿದರಂತೆ.

ವಿಚಾರಣೆಯ ವರದಿ ಇನ್ನೂ ಬಂದಿಲ್ಲ. ಅದರಲ್ಲಿ ಅವರ ಹೆಸರಿರಬಹುದು, ಇಲ್ಲದಿರಬಹುದು. ಎರಡಕ್ಕೂ ಸಿದ್ಧತೆ ಬೇಕು, ಏಕೆಂದರೆ ದೋಷಮುಕ್ತರಾದ ವಾರದಲ್ಲೇ ಕುಸಿದವರನ್ನೂ ನಾನು ಕಂಡಿದ್ದೇನೆ. ವರದಿ ಕೈಸೇರಿದ ದಿನ ಕಚೇರಿಯಲ್ಲಿ ಒಬ್ಬರೇ ಕುಳಿತು ಓದದೆ ವಕೀಲರ ಜೊತೆ ಓದುವುದು, ಅಂದು ರಾತ್ರಿ ಮನೆಯಲ್ಲೇ ಇರುವುದು, ಮೂರು ದಿನದೊಳಗೆ ನನ್ನನ್ನು ಕಾಣುವುದು, ಮನೋವೈದ್ಯರು ಕೊಟ್ಟ ಔಷಧವನ್ನು ಅವರು ಹೇಳುವವರೆಗೆ ನಿಲ್ಲಿಸದಿರುವುದು ಎಂದು ಒಪ್ಪಿಕೊಂಡಿದ್ದೇವೆ. ಸದ್ಯ ತಿಂಗಳಿಗೊಮ್ಮೆ ಬರುತ್ತಿದ್ದಾರೆ.