ಬ್ಲೂ ಬ್ಯಾಡ್ಜ್ ಇದ್ದರೂ ಜಂಕ್ಷನ್ ಮೂಲೆ ಬೇಡ

ಮಂಗಳೂರಿನ ಬಿಜೈಯಿಂದ ಬರೆದಿದ್ದೀರಿ. ಮುಂದಿನ ತಿಂಗಳು ಕುಟುಂಬ ಸಮೇತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದೀರಿ. ಹೆಂಡತಿಗೆ ಸೊಂಟದ ತೊಂದರೆ, ನಾಲ್ಕು ಹೆಜ್ಜೆ ಇಟ್ಟರೆ ನಿಲ್ಲಬೇಕು. ಅಲ್ಲಿ ಕಾರನ್ನು ಅಂಗಡಿ ಬಾಗಿಲ ಹತ್ತಿರವೇ ನಿಲ್ಲಿಸಬಹುದಾ ಎಂದು ಕೇಳಿದ್ದೀರಿ. ನಾನು ಲೆಸ್ಟರ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಈಗ ರಜೆಗೆ ಉಡುಪಿಗೆ ಬಂದಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಹೋಗಿ ವಿಳಾಸದ ದಾಖಲೆ ಕೈಗೆ ಸಿಕ್ಕ ಕೂಡಲೇ ಬ್ಲೂ ಬ್ಯಾಡ್ಜ್‌ಗೆ, ಅಂದರೆ ನಡೆಯಲು ಕಷ್ಟ ಇರುವವರಿಗೆ ಕಾರು ನಿಲ್ಲಿಸಲು ರಿಯಾಯಿತಿ ಕೊಡುವ ಕಾರ್ಡಿಗೆ, ಅರ್ಜಿ ಹಾಕಿ. ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಬಹುದು, ತೀರ್ಮಾನ ಅಲ್ಲಿ ನೀವಿರುವ ಊರಿನ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತದ್ದು. ಇಂಗ್ಲೆಂಡಿನಲ್ಲಿ ಶುಲ್ಕ 10 ಪೌಂಡ್ ಮೀರುವುದಿಲ್ಲ, ಬ್ಯಾಡ್ಜ್ ಸಾಮಾನ್ಯವಾಗಿ 3 ವರ್ಷ ನಡೆಯುತ್ತದೆ. ಎಷ್ಟು ದೂರ ನಡೆಯುತ್ತಾರೆ, ನೋವು ಎಷ್ಟು, ಮದ್ದು ಯಾವುದು ಎಂದೆಲ್ಲ ಕೇಳುತ್ತಾರೆ. ಇಲ್ಲಿಯ ಡಾಕ್ಟರ ಚೀಟಿ, ಸ್ಕ್ಯಾನ್ ರಿಪೋರ್ಟು ಎಲ್ಲ ಜೋಪಾನವಾಗಿ ತೆಗೆದುಕೊಂಡು ಹೋಗಿ. ಯಾರಾದರೂ ಕೇಳಿದರೆ "ಪರವಾಗಿಲ್ಲ, ಹೇಗೋ ನಡೀತದೆ" ಅನ್ನುವುದು ನಮ್ಮವರ ಅಭ್ಯಾಸ. ಅರ್ಜಿಯಲ್ಲಿ ಹಾಗೆ ಬರೆಯಬೇಡಿ ಮಾರಾಯ್ರೆ. ಕಷ್ಟ ಇದ್ದ ಹಾಗೆಯೇ ಬರೆಯಿರಿ.

ಬ್ಯಾಡ್ಜ್ ನಿಮ್ಮ ಹೆಂಡತಿಯದು, ಕಾರಿನದಲ್ಲ. ಅವರು ಟ್ಯಾಕ್ಸಿಯಲ್ಲಿ ಹೋದರೂ ಬಳಸಬಹುದು. ಅವರನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ತರಕಾರಿಗೆ ಹೋದಾಗ ಇಟ್ಟರೆ ಅಪರಾಧ. ದಂಡ 1000 ಪೌಂಡ್‌ವರೆಗೂ ಹೋಗುತ್ತದೆ. ಗಾಡಿ ನಿಲ್ಲಿಸಬಾರದೆಂದು ರಸ್ತೆ ಅಂಚಿಗೆ ಎಳೆದ ಹಳದಿ ಗೆರೆಯ ಮೇಲೂ ಬ್ಯಾಡ್ಜ್ ಇದ್ದರೆ 3 ಗಂಟೆವರೆಗೆ ನಿಲ್ಲಿಸಬಹುದು, ಬ್ಯಾಡ್ಜ್ ಜೊತೆ ಕೊಡುವ ಗಡಿಯಾರದಲ್ಲಿ ಬಂದ ಹೊತ್ತು ತೋರಿಸಬೇಕು. ಫುಟ್‌ಪಾತ್ ಅಂಚಿನಲ್ಲೂ ಹಳದಿ ಗುರುತು ಕಂಡರೆ ಅಲ್ಲಿ ಬೇಡ. ಸೂಪರ್‌ಮಾರ್ಕೆಟ್, ಆಸ್ಪತ್ರೆಗಳ ಪಾರ್ಕಿಂಗ್‌ಗೆ ಅವರವರದೇ ನಿಯಮ, ಬೋರ್ಡು ಓದಿ.

ಇನ್ನು ಜಂಕ್ಷನ್. ಹಂಪನಕಟ್ಟೆಯಲ್ಲಿ ಇಂಡಿಕೇಟರ್ ಹಾಕಿ ಮೂಲೆಯಲ್ಲಿ "ಎರಡೇ ನಿಮಿಷ" ನಿಲ್ಲಿಸಿ ನಮಗೆ ರೂಢಿ, ಅಲ್ವಾ? ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ನ 243ನೇ ನಿಯಮ ನೋಡಿ. ಗುರುತು ಹಾಕಿದ ಪಾರ್ಕಿಂಗ್ ಜಾಗ ಬಿಟ್ಟರೆ, ಜಂಕ್ಷನ್‌ನ ಎದುರಿಗಾಗಲಿ 10 ಮೀಟರ್ ಒಳಗಾಗಲಿ ನಿಲ್ಲಿಸಬಾರದು. ಬ್ಯಾಡ್ಜ್ ಇದ್ದರೂ ಮೂಲೆಗೆ ರಿಯಾಯಿತಿ ಇಲ್ಲ. ತಿರುಗುವ ಗಾಡಿಗೂ ದಾಟುವವರಿಗೂ ಒಬ್ಬರಿಗೊಬ್ಬರು ಕಾಣಬೇಕಲ್ಲ.

ನಾನು ಮೊದಲ ವರ್ಷ ಹಾಲು ತರಲು ಹಾಗೇ ಮೂಲೆಯಲ್ಲಿ ನಿಲ್ಲಿಸಿ ಹೋಗಿದ್ದೆ. ಬಂದು ನೋಡಿದರೆ ಗಾಲಿಕುರ್ಚಿಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ನನ್ನ ಬಂಪರ್ ಎದುರು ಕಾಯುತ್ತಿದ್ದರು. ಗಾಲಿ ಇಳಿಯಲೆಂದು ಫುಟ್‌ಪಾತನ್ನು ಇಳಿಜಾರು ಮಾಡಿದ್ದ ಜಾಗಕ್ಕೆ ಸರಿಯಾಗಿ ನನ್ನ ಕಾರು. ಸಣ್ಣ ಮಳೆ ಬೇರೆ. ಅವರು ಬೈಯಲಿಲ್ಲ. ಮಡಿಲಿನ ಚೀಲ ಹಿಡಿದುಕೊಂಡು, ನಾನು ಕಾರು ತೆಗೆಯುವವರೆಗೆ ಸುಮ್ನೆ ಕೂತಿದ್ದರು. ಬೈದಿದ್ದರೆ ಒಳ್ಳೆಯದಿತ್ತು. ಮೊನ್ನೆ ಕಲ್ಸಂಕದಲ್ಲಿ ಮೂಲೆಗೆ ಒತ್ತಿ ನಿಂತ ಕಾರಿನ ಹಿಂದಿನಿಂದ ಒಬ್ಬ ಅಜ್ಜ ಕೋಲೂರಿಕೊಂಡು ರಸ್ತೆಗೆ ಇಣುಕುತ್ತಿದ್ದಾಗ ಅವರೇ ನೆನಪಾದರು.

ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಡಿ. ಮುಂದಿನ ವಾರ ಮಂಗಳೂರಿಗೆ ಬರುತ್ತೇನೆ, ಒಟ್ಟಿಗೆ ಕೂತು ನೋಡುವ.